ನೋಡಿದ್ದನ್ನು ಹೇಳುವ ದಾರಿ: ಸಾರ್ವಜನಿಕ ಸುರಕ್ಷತೆಗೆ ನಿಮ್ಮ ವ್ಯಾಪಾರ ಏನು ಮಾಡಬಹುದು?

2010ರ ಮೇ 1ರ ಸಂಜೆ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಒಂದು ಕಾರು ನಿಂತಿತ್ತು. ಒಳಗೆ ಯಾರೂ ಇರಲಿಲ್ಲ, ಆದರೆ ಹೊಗೆ ಬರುತ್ತಿತ್ತು. ಅದನ್ನು ಗಮನಿಸಿದ್ದು ರಸ್ತೆ ಬದಿಯಲ್ಲಿ ಸಾಮಾನು ಮಾರುತ್ತಿದ್ದ ವ್ಯಾಪಾರಿಗಳು. ಹತ್ತಿರದಲ್ಲೇ ಕುದುರೆ ಮೇಲಿದ್ದ ಪೊಲೀಸ್ ಅಧಿಕಾರಿಗೆ ವಿಷಯ ಮುಟ್ಟಿತು. ಪೊಲೀಸರು ಜನರನ್ನು ದೂರ ಕಳಿಸಿದರು. ಕಾರಿನೊಳಗೆ ಬಾಂಬ್ ಇತ್ತು. ಅದು ಸಿಡಿಯಲಿಲ್ಲ, ಯಾರ ಜೀವವೂ ಹೋಗಲಿಲ್ಲ.

2017ರ ಮೇ 22ರ ರಾತ್ರಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಅರೀನಾದಲ್ಲಿ ಸಂಗೀತ ಕಾರ್ಯಕ್ರಮ ಮುಗಿಯುವ ಹೊತ್ತು. ದೊಡ್ಡ ಬ್ಯಾಗ್ ಹಾಕಿಕೊಂಡು ಕೂತಿದ್ದ ಒಬ್ಬನ ಬಗ್ಗೆ ಅಲ್ಲಿದ್ದ ಸಾಮಾನ್ಯ ವ್ಯಕ್ತಿಯೊಬ್ಬರಿಗೆ ಅನುಮಾನ ಬಂತು. ಸ್ಫೋಟಕ್ಕೆ ಸುಮಾರು ಕಾಲು ಗಂಟೆ ಮೊದಲೇ ಅವರು ಅಲ್ಲಿನ ಸಿಬ್ಬಂದಿಗೆ ಹೇಳಿದರು. ಆ ಮಾತು ಇನ್ನೊಬ್ಬ ಚಿಕ್ಕ ವಯಸ್ಸಿನ ಗಾರ್ಡ್‌ಗೆ ತಲುಪಿತು. ಅವನು ವಾಕಿಟಾಕಿಯಲ್ಲಿ ಪ್ರಯತ್ನಿಸಿದ, ಲೈನ್ ಸಿಗಲಿಲ್ಲ. ತಾನು ತಪ್ಪಾಗಿದ್ದರೆ ಜನಾಂಗೀಯ ದ್ವೇಷ ಮಾಡಿದೆ ಅನ್ನುತ್ತಾರೇನೋ ಎಂಬ ಹೆದರಿಕೆಯೂ ಇತ್ತು ಎಂದು ಆಮೇಲೆ ವಿಚಾರಣೆಯಲ್ಲಿ ಹೇಳಿದ. ಆ ರಾತ್ರಿ ಆ ಬ್ಯಾಗಿನಲ್ಲಿದ್ದ ಬಾಂಬ್ ಸಿಡಿದು 22 ಜನ ಸತ್ತರು.

ಎರಡೂ ಕಡೆ ನೋಡಿದವರು ಇದ್ದರು. ಒಂದು ಕಡೆ ನೋಡಿದ್ದು ಸರಿಯಾದ ಕಿವಿಗೆ ತಲುಪಿತು, ಇನ್ನೊಂದು ಕಡೆ ದಾರಿಯಲ್ಲೇ ನಿಂತುಹೋಯಿತು. ಅಂಗಡಿ, ಹೋಟೆಲ್, ಮಾಲ್, ಗೋದಾಮು, ಚಿತ್ರಮಂದಿರ, ಆಫೀಸು, ಯಾವುದೇ ನಡೆಸುತ್ತಿರಲಿ, ಸಾರ್ವಜನಿಕ ಸುರಕ್ಷತೆಗೆ ನೀವು ಕೊಡಬಹುದಾದ ಅತಿ ದೊಡ್ಡ ಕೊಡುಗೆ ಈ ದಾರಿಯನ್ನು ತೆರೆದಿಡುವುದು ಅಂತ ನಾನು ನಂಬಿದ್ದೇನೆ. ನೀವು ಪೊಲೀಸರಾಗಬೇಕಿಲ್ಲ. ಆದರೆ ದಿನವಿಡೀ ಬಾಗಿಲು ತೆರೆದು ರಸ್ತೆಯನ್ನು ನೋಡುತ್ತಾ ಕೂರುವವರು ನೀವೇ ಅಲ್ವಾ? ಆ ಅನುಕೂಲ ಯಾವ ಪೊಲೀಸ್ ಠಾಣೆಗೂ ಇಲ್ಲ.

ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಹೆಚ್ಚಿನವರು ಮೂರನೆಯದರಿಂದ ಶುರು ಮಾಡುತ್ತಾರೆ. ಅಲ್ಲೇ ದುಡ್ಡು ದಂಡವಾಗುವುದು.

1. ಏನನ್ನೂ ಕೊಳ್ಳುವ ಮೊದಲು ಒಂದು ಸುತ್ತು ಹಾಕಿ

ಹಗಲಲ್ಲಿ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ, ಬಾಗಿಲು ಹಾಕುವ ಹೊತ್ತಿಗೆ ಒಮ್ಮೆ ನಿಮ್ಮ ಜಾಗವನ್ನು ಸುತ್ತಿ. ಒಬ್ಬರೇ ಹೋಗಬೇಡಿ. ಬೆಳಗ್ಗೆ ಬೀಗ ತೆಗೆಯುವವರು, ರಾತ್ರಿ ಕೊನೆಗೆ ಹೊರಡುವವರು, ಕಸ ಹೊರಗೆ ಹಾಕಲು ಹಿಂದಿನ ಬಾಗಿಲಿಗೆ ಹೋಗುವವರು, ಇವರನ್ನು ಕರೆದುಕೊಂಡು ಹೋಗಿ. ಎಲ್ಲಿ ಹೆದರಿಕೆಯಾಗುತ್ತದೆ ಅಂತ ಕೇಳಿ. ಮಾಲೀಕರಿಗೆ ಕಾಣದ ಮೂಲೆ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಮೂರು ವಿಷಯ ಬರೆದುಕೊಳ್ಳಿ. ಏನಾಗುತ್ತಿದೆ, ಎಲ್ಲಿ ಆಗುತ್ತಿದೆ, ಯಾವ ಹೊತ್ತಿನಲ್ಲಿ ಆಗುತ್ತಿದೆ. ಜೇಬುಗಳ್ಳತನ, ಗಾಡಿ ಕಳವು, ಹೆಣ್ಣುಮಕ್ಕಳಿಗೆ ಕಿರುಕುಳ, ಕುಡಿದವರ ಜಗಳ, ಇವು ಒಂದೊಂದಕ್ಕೂ ಮದ್ದು ಬೇರೆ. "ಇಲ್ಲಿ ಸುರಕ್ಷತೆ ಸರಿಯಿಲ್ಲ" ಅನ್ನುವ ಮಾತಿನಿಂದ ಯಾವ ಕೆಲಸವೂ ಆಗುವುದಿಲ್ಲ. "ಶುಕ್ರವಾರ ರಾತ್ರಿ ಹತ್ತರ ನಂತರ ಹಿಂಬದಿ ಪಾರ್ಕಿಂಗಿನಲ್ಲಿ ಗಾಡಿಗಳ ಗಾಜು ಒಡೆಯುತ್ತಿದ್ದಾರೆ" ಅಂದರೆ ಕೆಲಸ ಶುರುವಾಯಿತು.

ಇದನ್ನು ಬರೆಯಲು ಒಂದು ಪುಸ್ತಕ ಇಡಿ. ಸಣ್ಣ ಘಟನೆಯೂ ಅದರಲ್ಲಿ ಬರಲಿ. ಮುಂದೆ ಏನಾದರೂ ಬದಲಾಯಿತೇ ಅಂತ ನೋಡಲು ಇದೇ ಪುಸ್ತಕ ಬೇಕಾಗುತ್ತದೆ.

2. ಬೆಳಕು, ಗಾಜು, ನಗದು

1970ರ ದಶಕದಲ್ಲಿ ಅಮೆರಿಕದ ಸೆವೆನ್ ಇಲೆವೆನ್ ಅಂಗಡಿಗಳಲ್ಲಿ ರಾತ್ರಿ ದರೋಡೆ ಜಾಸ್ತಿಯಿತ್ತು. ಅವುಗಳ ಮಾಲೀಕ ಕಂಪನಿ ಸೌತ್‌ಲ್ಯಾಂಡ್ ಕಾರ್ಪೊರೇಷನ್, ಹಿಂದೆ ದರೋಡೆ ಮಾಡಿ ಜೈಲು ಕಂಡವರ ಅನುಭವವನ್ನೇ ಬಳಸಿಕೊಂಡಿತು. ಕಳ್ಳನ ಕಣ್ಣಿಗೆ ಯಾವ ಅಂಗಡಿ ಸುಲಭ? ಹೊರಗಿನಿಂದ ಕೌಂಟರ್ ಕಾಣದ ಅಂಗಡಿ. ಗಲ್ಲಾದಲ್ಲಿ ತುಂಬಾ ಹಣವಿರುವ ಅಂಗಡಿ. ಓಡಿಹೋಗಲು ಕತ್ತಲು ದಾರಿಯಿರುವ ಅಂಗಡಿ. ಕಂಪನಿ ಕಿಟಕಿಗಳ ಮೇಲಿನ ಜಾಹೀರಾತು ತೆಗೆಸಿತು, ಗಲ್ಲಾದಲ್ಲಿ ಸ್ವಲ್ಪವೇ ಹಣ ಇಡಿಸಿತು, ಬೆಳಕು ಹಾಕಿಸಿತು. ಹೀಗೆ ಮಾಡಿದ ಅಂಗಡಿಗಳಲ್ಲಿ, ಮಾಡದವಕ್ಕೆ ಹೋಲಿಸಿದರೆ, ದರೋಡೆ ಗಣನೀಯವಾಗಿ ಕಡಿಮೆಯಾಯಿತು. 1986ರಲ್ಲಿ ಫ್ಲಾರಿಡಾದ ಗೇನ್ಸ್‌ವಿಲ್ ನಗರ ಇಂಥ ಕ್ರಮಗಳನ್ನು ತನ್ನ ಅಂಗಡಿಗಳಿಗೆ ಕಾನೂನೇ ಮಾಡಿತು.

ಇದರಲ್ಲಿ ನನಗೆ ತುಂಬಾ ಇಷ್ಟವಾಗುವುದು ಏನೆಂದರೆ, ಯಾವುದೂ ದುಬಾರಿ ಅಲ್ಲ. ಗಾಜಿನ ಮೇಲಿನ ಪೋಸ್ಟರ್ ತೆಗೆಯಲು ದುಡ್ಡೇ ಬೇಡ. ಮತ್ತೆ, ಲಾಭ ನಿಮಗೊಬ್ಬರಿಗೇ ಅಲ್ಲ. ಒಳಗಿನಿಂದ ರಸ್ತೆ ಕಾಣುವ ಅಂಗಡಿ ರಸ್ತೆಯಲ್ಲಿ ನಡೆಯುವವರಿಗೂ ಒಂದು ಧೈರ್ಯ.

ಬೆಳಕಿನ ವಿಷಯದಲ್ಲಿ ಗಟ್ಟಿ ಪುರಾವೆ ಇದೆ. 2016ರಲ್ಲಿ ನ್ಯೂಯಾರ್ಕಿನ ಸರ್ಕಾರಿ ವಸತಿ ಸಂಕೀರ್ಣಗಳಲ್ಲಿ ಒಂದು ಪ್ರಯೋಗ ಮಾಡಿದರು. ಕೆಲವು ಸಂಕೀರ್ಣಗಳನ್ನು ಚೀಟಿ ಎತ್ತಿದಂತೆ ಆರಿಸಿ ಹೆಚ್ಚುವರಿ ದೀಪದ ಕಂಬ ನಿಲ್ಲಿಸಿದರು. ಅಲ್ಲಿ ರಾತ್ರಿ ಹೊರಾಂಗಣದಲ್ಲಿ ನಡೆಯುವ ಗಂಭೀರ ಅಪರಾಧ ಸುಮಾರು ಶೇ 36ರಷ್ಟು ಇಳಿಯಿತು. ಹಾಗಂತ ಕಣ್ಣು ಕುಕ್ಕುವ ಒಂದೇ ದೊಡ್ಡ ದೀಪ ಹಾಕಬೇಡಿ. ಅದರ ಪಕ್ಕದ ನೆರಳು ಇನ್ನಷ್ಟು ಕಪ್ಪಾಗುತ್ತದೆ. ಎದುರು ಬರುವವರ ಮುಖ ಕೆಲವು ಹೆಜ್ಜೆ ದೂರದಿಂದಲೇ ಗುರುತು ಸಿಗುವಂತೆ ಸಮನಾದ ಬೆಳಕು ಬೇಕು. ನಿಮ್ಮ ದೀಪ ಮುಂದಿನ ಫುಟ್‌ಪಾತ್ ಅನ್ನೂ ಮುಟ್ಟಲಿ, ಬಾಗಿಲು ಹಾಕಿದ ಮೇಲೂ ಸ್ವಲ್ಪ ಹೊತ್ತು ಉರಿಯಲಿ.

3. ಕ್ಯಾಮೆರಾ: ಎಷ್ಟು ಬೇಕೋ ಅಷ್ಟೇ

ಕ್ಯಾಮೆರಾ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ತುಂಬಾ ಜನರಿಗಿದೆ. 2019ರಲ್ಲಿ ಪ್ರಕಟವಾದ ಒಂದು ವಿಮರ್ಶೆ 40 ವರ್ಷಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಸಿಸಿಟಿವಿ ಇದ್ದ ಕಡೆ ಅಪರಾಧ ಸುಮಾರು ಶೇ 13ರಷ್ಟು ಕಡಿಮೆಯಿತ್ತು. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಪಾರ್ಕಿಂಗ್ ಜಾಗಗಳಲ್ಲಿ. ಸುಮ್ನೆ ರೆಕಾರ್ಡ್ ಆಗುತ್ತಿದ್ದ ಕ್ಯಾಮೆರಾಗಿಂತ ಯಾರೋ ಕೂತು ನೋಡುತ್ತಿದ್ದ ಕ್ಯಾಮೆರಾ ಹೆಚ್ಚು ಉಪಯೋಗಕ್ಕೆ ಬಂತು. ಇಲ್ಲೂ ಕೊನೆಗೆ ಲೆಕ್ಕಕ್ಕೆ ಬಂದದ್ದು ಮನುಷ್ಯನೇ.

ಹಾಕುವುದಾದರೆ ಹೀಗೆ ಹಾಕಿ. ಬಾಗಿಲ ಬಳಿಯ ಕ್ಯಾಮೆರಾ ಮುಖದ ಮಟ್ಟಕ್ಕೆ ಹತ್ತಿರ ಇರಲಿ. ಚಾವಣಿಯಿಂದ ನೋಡಿದರೆ ಕಾಣುವುದು ತಲೆಕೂದಲು ಮತ್ತು ಟೋಪಿ ಮಾತ್ರ. ಗಡಿಯಾರದ ಸಮಯ ಸರಿಯಿದೆಯೇ ಅಂತ ತಿಂಗಳಿಗೊಮ್ಮೆ ನೋಡಿ. ಸಮಯ ತಪ್ಪಿದ ದೃಶ್ಯದಿಂದ ತನಿಖೆ ದಾರಿ ತಪ್ಪುತ್ತದೆ. ಒಂದು ದೃಶ್ಯವನ್ನು ಹೊರಗೆ ತೆಗೆದುಕೊಡಲು ಕಡೇಪಕ್ಷ ಇಬ್ಬರಿಗೆ ಬರಬೇಕು. ಪೊಲೀಸರು ಕೇಳಿದಾಗ "ಅದನ್ನು ಹಾಕಿದವನು ಊರಲ್ಲಿಲ್ಲ" ಅನ್ನುವುದಾದರೆ ಕ್ಯಾಮೆರಾ ಇದ್ದೂ ಇಲ್ಲದ ಹಾಗೆ.

ಪಾಸ್‌ವರ್ಡ್ ಬದಲಿಸಿ, ಇವತ್ತೇ. 2016ರಲ್ಲಿ ಮಿರಾಯ್ ಎಂಬ ವೈರಸ್ ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಹಾಗೇ ಇದ್ದ ಕ್ಯಾಮೆರಾ, ರೂಟರ್‌ಗಳನ್ನು ವಶ ಮಾಡಿಕೊಂಡಿತು. ಆ ವರ್ಷದ ಅಕ್ಟೋಬರಿನಲ್ಲಿ ಅವುಗಳನ್ನೇ ಬಳಸಿ ನಡೆಸಿದ ದಾಳಿಯಿಂದ ಎಷ್ಟೋ ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ಸಿಗದಂತಾದವು. ರಕ್ಷಣೆಗೆ ಹಾಕಿದ ವಸ್ತುವೇ ಊರಿಗೆಲ್ಲ ತೊಂದರೆ ಕೊಟ್ಟಿತು.

ಮುಖ ಗುರುತಿಸುವ ಸಾಫ್ಟ್‌ವೇರ್ ಬಗ್ಗೆ ನನ್ನ ಸಲಹೆ ನೇರವಾಗಿದೆ: ಬೇಡ. 2020ರ ಜನವರಿಯಲ್ಲಿ ಅಮೆರಿಕದ ಡೆಟ್ರಾಯಿಟ್ ಪೊಲೀಸರು ಒಂದು ಅಂಗಡಿ ಕಳ್ಳತನದ ದೃಶ್ಯವನ್ನು ಇಂಥ ಸಾಫ್ಟ್‌ವೇರಿನ ಮೂಲಕ ಹೊಂದಿಸಿ ಒಬ್ಬರನ್ನು ಬಂಧಿಸಿದರು. ಅವರ ಮನೆಯ ಮುಂದೆಯೇ, ಹೆಂಡತಿ ಮಕ್ಕಳು ನೋಡುತ್ತಿದ್ದಂತೆ. ಅವರು ತಪ್ಪೇ ಮಾಡಿರಲಿಲ್ಲ. 2023ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ರೈಟ್ ಏಡ್ ಎಂಬ ಔಷಧಿ ಅಂಗಡಿಗಳ ಕಂಪನಿಯ ಮೇಲೆ ಕ್ರಮ ಕೈಗೊಂಡು, 5 ವರ್ಷ ಈ ತಂತ್ರಜ್ಞಾನವನ್ನು ಕಾವಲಿಗೆ ಬಳಸದಂತೆ ತಡೆಯಿತು. ಅದರ ಅಂಗಡಿಗಳಲ್ಲಿ ನಿರಪರಾಧಿ ಗ್ರಾಹಕರನ್ನು ಕಳ್ಳರೆಂದು ಹಿಂಬಾಲಿಸಿದ್ದರು, ಎಲ್ಲರೆದುರು ಅವಮಾನ ಮಾಡಿದ್ದರು. ಒಬ್ಬ ಮುಗ್ಧನಿಗೆ ಹೀಗಾದ ಜಾಗವನ್ನು ಸುರಕ್ಷಿತ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಕ್ಯಾಮೆರಾ ಇದೆ ಅಂತ ಬೋರ್ಡ್ ಹಾಕಿ. ಪಕ್ಕದ ಮನೆಯ ಕಿಟಕಿಗೆ ತಿರುಗಿಸಬೇಡಿ. ಎಷ್ಟು ದಿನ ದೃಶ್ಯ ಇಟ್ಟುಕೊಳ್ಳುತ್ತೀರಿ, ಯಾರು ನೋಡಬಹುದು ಅಂತ ಬರೆದಿಡಿ. ನಿಮ್ಮಲ್ಲಿನ ಖಾಸಗಿತನದ ಕಾನೂನು ಏನು ಹೇಳುತ್ತದೆ ಅಂತ ಹಾಕುವ ಮೊದಲೇ ತಿಳಿದುಕೊಳ್ಳಿ.

4. ನೋಡಿದವರು ಹೇಳುವಂತಾಗಲಿ

ಇದೇ ಮುಖ್ಯ ಹೆಜ್ಜೆ. ಸಮಯ ಕಡಿಮೆ ಇದ್ದರೆ ಉಳಿದದ್ದನ್ನು ಆಮೇಲೆ ಮಾಡಿ, ಇದನ್ನು ಈ ವಾರವೇ ಮಾಡಿ.

ಮೊದಲಿಗೆ ಅನುಮತಿ. ನಿಮ್ಮಲ್ಲಿ ಕೆಲಸ ಮಾಡುವ ಯಾರೇ ಆಗಲಿ, ಮ್ಯಾನೇಜರನ್ನು ಕೇಳದೆ ತುರ್ತು ಸಂಖ್ಯೆಗೆ ಕರೆ ಮಾಡಬಹುದು ಎಂದು ಸ್ಪಷ್ಟವಾಗಿ ಹೇಳಿ. ಬಾಯಲ್ಲಿ ಹೇಳಿದರೆ ಸಾಲದು, ಬರೆದು ಗೋಡೆಗೆ ಅಂಟಿಸಿ. ಗುಡಿಸುವವರಿಗೂ, ಡೆಲಿವರಿ ಕೊಡುವವರಿಗೂ, ನಿನ್ನೆ ಸೇರಿದವರಿಗೂ ಇದು ಅನ್ವಯ. ಮ್ಯಾನೇಜರ್ ಫೋನ್ ಎತ್ತುವವರೆಗೆ ಕಾಯುವುದರಲ್ಲೇ ಬೆಲೆಬಾಳುವ ನಿಮಿಷಗಳು ಹೋಗುತ್ತವೆ.

ಎರಡನೆಯದು, ತಪ್ಪು ಕರೆಗೆ ಶಿಕ್ಷೆಯಿಲ್ಲ ಎಂಬ ಮಾತು. ಅನುಮಾನ ಸುಳ್ಳಾದಾಗ ಮಾಲೀಕರು ನಕ್ಕರೆ ಅಥವಾ ಗದರಿದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ಮ್ಯಾಂಚೆಸ್ಟರಿನ ಆ ಹುಡುಗನ ಹೆದರಿಕೆಯನ್ನು ನೆನಪಿಡಿ. "ಹೇಳಿದ್ದು ಒಳ್ಳೇದಾಯ್ತು" ಅಂತ ಪ್ರತಿ ಸಲವೂ ಹೇಳಿ.

ಮೂರನೆಯದು, ಏನನ್ನು ನೋಡಬೇಕು. ನಡವಳಿಕೆಯನ್ನು. ಬಟ್ಟೆ, ಬಣ್ಣ, ಭಾಷೆ, ಗಡ್ಡ, ಇವು ಯಾವುವೂ ಸುಳಿವಲ್ಲ. ಯಾರೋ ಕ್ಯಾಮೆರಾ ಎಲ್ಲೆಲ್ಲಿದೆ ಅಂತ ಫೋಟೋ ತೆಗೆಯುವುದು, ಸಿಬ್ಬಂದಿಗೆ ಮಾತ್ರ ಎಂದು ಬರೆದ ಬಾಗಿಲನ್ನು ಪದೇ ಪದೇ ತಳ್ಳಿ ನೋಡುವುದು, ಬ್ಯಾಗ್ ಇಟ್ಟು ಬೇಗ ಹೊರಟುಹೋಗುವುದು, ಒಬ್ಬ ಹುಡುಗಿಯ ಹಿಂದೆಯೇ ಅಂಗಡಿಯಿಂದ ಅಂಗಡಿಗೆ ಬರುವುದು, ಇವು ಸುಳಿವು. ನಡವಳಿಕೆ ನೋಡಲು ಕಲಿತವರಿಗೆ ಹೇಳಲು ಹೆದರಿಕೆಯೂ ಕಡಿಮೆ. ಯಾಕೆಂದರೆ ಅವರ ಬಳಿ ಹೇಳಲು ಒಂದು ಸಂಗತಿ ಇರುತ್ತದೆ, ಬರೀ ಅನಿಸಿಕೆ ಇರುವುದಿಲ್ಲ. ಎಷ್ಟೋ ಸಲ ಹತ್ತಿರ ಹೋಗಿ "ಏನಾದರೂ ಸಹಾಯ ಬೇಕಾ?" ಅಂತ ನಗುಮುಖದಿಂದ ಕೇಳಿದರೆ ಅಲ್ಲೇ ವಿಷಯ ತಿಳಿಯಾಗುತ್ತದೆ. ದಾರಿ ತಪ್ಪಿದವರಿಗೆ ದಾರಿ ಸಿಗುತ್ತದೆ, ಕೆಟ್ಟ ಯೋಚನೆ ಇದ್ದವರಿಗೆ ತಮ್ಮನ್ನು ಯಾರೋ ಗಮನಿಸಿದ್ದಾರೆ ಅಂತ ಗೊತ್ತಾಗುತ್ತದೆ.

ನಾಲ್ಕನೆಯದು, ಹೇಗೆ ಹೇಳಬೇಕು. ಗಾಬರಿಯಲ್ಲಿ ಮಾತು ಬರುವುದಿಲ್ಲ, ಅದಕ್ಕೇ ಮೊದಲೇ ಅಭ್ಯಾಸ ಬೇಕು. ಎಲ್ಲಿ, ಏನು, ಎಷ್ಟು ಜನ, ಯಾವ ಕಡೆ ಹೋದರು, ಕೈಯಲ್ಲಿ ಏನಿತ್ತು. "ಉತ್ತರದ ಗೇಟು, ಇಬ್ಬರು, ಒಬ್ಬನ ಕೈಯಲ್ಲಿ ಚಾಕು, ಪಾರ್ಕಿಂಗ್ ಕಡೆ ಓಡುತ್ತಿದ್ದಾರೆ." ಇಷ್ಟು ಸಾಕು. ಗೇಟು, ಮಹಡಿ, ಮೆಟ್ಟಿಲುಗಳಿಗೆ ಎಲ್ಲರೂ ಒಂದೇ ಹೆಸರು ಬಳಸಬೇಕು. ಒಬ್ಬರು "ಹಿಂದಿನ ಬಾಗಿಲು" ಅಂದದ್ದು ಇನ್ನೊಬ್ಬರಿಗೆ "ಸೈಡ್ ಬಾಗಿಲು" ಆದರೆ ಸಹಾಯ ತಪ್ಪು ಜಾಗಕ್ಕೆ ಹೋಗುತ್ತದೆ. ವಾಕಿಟಾಕಿ ಬಳಸುತ್ತೀರಾ? ಎಲ್ಲರೂ ಒಟ್ಟಿಗೆ ಮಾತಾಡುವ ದಟ್ಟಣೆಯ ಹೊತ್ತಿನಲ್ಲಿ ಲೈನ್ ಸಿಗುತ್ತದೆಯೇ ಅಂತ ಪರೀಕ್ಷಿಸಿ. ಸಿಗದಿದ್ದರೆ ಮುಂದಿನ ದಾರಿ ಏನು ಅಂತ ತೀರ್ಮಾನಿಸಿ.

ಗ್ರಾಹಕರಿಗೂ ಒಂದು ದಾರಿ ಬೇಕು. 2016ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರಿನಲ್ಲಿ "ಏಂಜೆಲಾ ಇದ್ದಾರಾ ಅಂತ ಕೇಳಿ" ಎಂಬ ಯೋಜನೆ ಶುರುವಾಯಿತು. ಜೊತೆಗಿರುವವನಿಂದ ಅಪಾಯ ಅನಿಸಿದರೆ ಕೌಂಟರಿಗೆ ಬಂದು ಏಂಜೆಲಾ ಎಂಬ ಹೆಸರು ಕೇಳಿದರೆ ಸಾಕು. ಸಿಬ್ಬಂದಿ ಸದ್ದಿಲ್ಲದೆ ಅವರನ್ನು ಬೇರೆ ಕಡೆ ಕರೆದೊಯ್ದು, ಟ್ಯಾಕ್ಸಿ ಅಥವಾ ಪೊಲೀಸರನ್ನು ಕರೆಯುತ್ತಾರೆ. ಯೋಜನೆ ಎಷ್ಟೋ ಕಡೆಗೆ ಹರಡಿತು. ಆದರೆ ಲಂಡನ್ನಿನಲ್ಲಿ ಪತ್ರಕರ್ತರು ಹೋಗಿ ಪರೀಕ್ಷಿಸಿದಾಗ, ಕೆಲವು ಕಡೆ ಪೋಸ್ಟರ್ ಅಂಟಿಸಿದ್ದರೂ ಸಿಬ್ಬಂದಿಗೆ ಅದರ ಅರ್ಥವೇ ಗೊತ್ತಿರಲಿಲ್ಲ. ಪೋಸ್ಟರ್ ನಂಬಿ ಬಂದವರಿಗೆ ಇದಕ್ಕಿಂತ ದೊಡ್ಡ ಮೋಸ ಇಲ್ಲ. ಹೊಸಬರು ಸೇರಿದ ಮೊದಲ ದಿನವೇ ಇದನ್ನು ಕಲಿಸಲು ಆಗದಿದ್ದರೆ ಪೋಸ್ಟರ್ ಹಾಕಲೇಬೇಡಿ.

5. ಗಾರ್ಡ್‌ಗಳನ್ನು ನೇಮಿಸುವಾಗ

ಪರವಾನಗಿ ಇರುವ ಏಜೆನ್ಸಿಯಿಂದಲೇ ಪಡೆಯಿರಿ. ತರಬೇತಿ ಏನು ಕೊಟ್ಟಿದ್ದಾರೆ ಅಂತ ಕೇಳಿ, ಹಿನ್ನೆಲೆ ಪರಿಶೀಲನೆಯ ಕಾಗದ ನೋಡಿ. ಅತಿ ಕಡಿಮೆ ಬೆಲೆ ಹೇಳಿದ ಏಜೆನ್ಸಿ ಅದನ್ನು ಹೇಗೆ ಸರಿದೂಗಿಸುತ್ತದೆ ಅಂತ ಯೋಚಿಸಿ. ಸಾಮಾನ್ಯವಾಗಿ ಗಾರ್ಡಿನ ಸಂಬಳ ಮತ್ತು ನಿದ್ದೆಯಿಂದ. ಎರಡು ಪಾಳಿ ಒಟ್ಟಿಗೆ ಮಾಡಿದ ಮನುಷ್ಯ ಎಚ್ಚರವಾಗಿರುವುದು ಸಾಧ್ಯವಿಲ್ಲ. ಕೂರಲು ಕುರ್ಚಿ, ಕುಡಿಯಲು ನೀರು, ಶೌಚಾಲಯ ಕೊಡಿ. ಇದು ಸುರಕ್ಷತೆಯ ಖರ್ಚೇ.

ಗಾರ್ಡಿಗೆ ಪೊಲೀಸರ ಅಧಿಕಾರ ಇಲ್ಲ. ತಡೆಯುವುದು, ತಪಾಸಣೆ ಮಾಡುವುದು, ಹಿಡಿದಿಡುವುದು, ಇವಕ್ಕೆ ಪ್ರತಿ ದೇಶದಲ್ಲೂ ಮಿತಿ ಇದೆ. ಆ ಮಿತಿ ಎಲ್ಲಿದೆ ಅಂತ ಬರೆದುಕೊಡಿ. ಕಳ್ಳನನ್ನು ಬೆನ್ನಟ್ಟಿ ರಸ್ತೆಗೆ ಓಡಬೇಡಿ ಅಂತ ಹೇಳಿ. ಕದ್ದ ವಸ್ತುವಿಗಿಂತ ಜೀವ ದೊಡ್ಡದು, ದಾರಿಹೋಕರ ಜೀವವೂ ಸೇರಿ. ಖಾಸಗಿ ಭದ್ರತಾ ಕಂಪನಿಗಳಿಗಾಗಿಯೇ 2010ರಲ್ಲಿ ಒಂದು ಅಂತರರಾಷ್ಟ್ರೀಯ ನೀತಿ ಸಂಹಿತೆ ಬಂತು. ಬಲ ಬಳಕೆಗೆ ಮಿತಿ ಇರಬೇಕು, ಜನರಿಗೆ ದೂರು ಕೊಡುವ ದಾರಿ ಇರಬೇಕು ಎಂದು ಅದು ಹೇಳುತ್ತದೆ. ನಿಮ್ಮ ಒಪ್ಪಂದದಲ್ಲೂ ಈ ಎರಡು ಮಾತು ಬರಲಿ.

6. ಅಕ್ಕಪಕ್ಕದವರ ಜೊತೆ ಸೇರಿ

ಒಬ್ಬರೇ ರಸ್ತೆಯನ್ನು ಬದಲಿಸಲು ಆಗುವುದಿಲ್ಲ. 1970ರಲ್ಲಿ ಕೆನಡಾದ ಟೊರಾಂಟೋದ ಬ್ಲೋರ್ ವೆಸ್ಟ್ ವಿಲೇಜ್ ಎಂಬ ಜಾಗದ ವ್ಯಾಪಾರಿಗಳು ಕಾನೂನಿನ ಪ್ರಕಾರ ಎಲ್ಲರೂ ವಂತಿಗೆ ಹಾಕಿ ತಮ್ಮ ರಸ್ತೆಯನ್ನು ನೋಡಿಕೊಳ್ಳುವ ವ್ಯವಸ್ಥೆ ಮಾಡಿಕೊಂಡರು. ಅಂಥದ್ದರಲ್ಲಿ ಅದೇ ಮೊದಲನೆಯದು. ಆಮೇಲೆ ಎಷ್ಟೋ ದೇಶಗಳಲ್ಲಿ ಹೀಗೇ ಮಾಡಿದರು. ಲಾಸ್ ಏಂಜಲೀಸಿನಲ್ಲಿ ಇಂಥ ಸಂಘಗಳಿದ್ದ ಪ್ರದೇಶಗಳನ್ನು ಸಂಶೋಧಕರು ಅಧ್ಯಯನ ಮಾಡಿದಾಗ ಅಲ್ಲಿ ಅಪರಾಧವೂ ಕಡಿಮೆಯಾಗಿತ್ತು, ಬಂಧನಗಳೂ ಕಡಿಮೆಯಾಗಿದ್ದವು. ಈ ಎರಡನೆಯ ಸಂಗತಿ ನನಗೆ ಮೊದಲನೆಯದರಷ್ಟೇ ಮುಖ್ಯ ಅನಿಸುತ್ತದೆ.

ಚಿಕ್ಕದಾಗಿ ಶುರು ಮಾಡಿ. ಅಕ್ಕಪಕ್ಕದ ವ್ಯಾಪಾರಿಗಳ ಫೋನ್ ಸಂಖ್ಯೆ ಪರಸ್ಪರ ಇರಲಿ. ಠಾಣೆಯಲ್ಲಿ ಒಬ್ಬ ಅಧಿಕಾರಿಯ ಪರಿಚಯ ಮಾಡಿಕೊಳ್ಳಿ, ಏನಾದರೂ ಆಗುವ ಮೊದಲೇ. ಯಾವ ಕ್ಯಾಮೆರಾ ಯಾರದ್ದು, ದೃಶ್ಯ ಕೇಳಲು ಯಾರನ್ನು ಸಂಪರ್ಕಿಸಬೇಕು ಅಂತ ಒಂದು ಪಟ್ಟಿ ಅವರ ಬಳಿ ಇರಲಿ.

ಮೆಸೇಜ್ ಗುಂಪು ಮಾಡಿದರೆ ಒಂದು ನಿಯಮ ಕಡ್ಡಾಯ: ಅನುಮಾನ ಬಂದವರ ಫೋಟೋವನ್ನು ಅಲ್ಲಿ ಹಾಕುವಂತಿಲ್ಲ. "ಇವನು ಮಕ್ಕಳ ಕಳ್ಳ" ಎಂಬ ಒಂದು ಸುಳ್ಳು ಮೆಸೇಜು ಜನರನ್ನು ಗುಂಪು ಕಟ್ಟಿಸಿ ಅಮಾಯಕರನ್ನು ಕೊಲ್ಲಿಸಿದ ಉದಾಹರಣೆಗಳಿವೆ. ಫೋಟೋ ಪೊಲೀಸರಿಗೆ ಮಾತ್ರ ಹೋಗಲಿ.

7. ನೀವು ಮಾರುವ ವಸ್ತುವನ್ನೂ ನೋಡಿ

ಸ್ಫೋಟಕ ತಯಾರಿಸಲು ಬಳಸಬಹುದಾದ ರಾಸಾಯನಿಕ, ಗೊಬ್ಬರ ಮಾರುವವರು ಜಾಸ್ತಿ ಎಚ್ಚರ ವಹಿಸಬೇಕು. ಯುರೋಪಿಯನ್ ಒಕ್ಕೂಟದಲ್ಲಿ 2021ರ ಫೆಬ್ರವರಿ 1ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಅನುಮಾನಾಸ್ಪದ ಖರೀದಿಯನ್ನು 24 ಗಂಟೆಯೊಳಗೆ ತಿಳಿಸಬೇಕು. ಏನಕ್ಕೆ ಬೇಕು ಅಂದರೆ ಉತ್ತರ ಇಲ್ಲ, ಅಗತ್ಯಕ್ಕಿಂತ ತುಂಬಾ ಜಾಸ್ತಿ ಬೇಕು, ನಗದೇ ಕೊಡುತ್ತೇನೆ ಅಂತ ಹಟ. ಇಂಥದ್ದು ಕಂಡರೆ ಹೇಳಿ.

ವಸ್ತು ತಯಾರಿಸುವ ಕಂಪನಿಗಳ ಕೈಯಲ್ಲಂತೂ ಇನ್ನೂ ದೊಡ್ಡ ಶಕ್ತಿಯಿದೆ. 1992ರಲ್ಲಿ ಬ್ರಿಟನ್ನಿನ ಗೃಹ ಇಲಾಖೆ ಯಾವ ಮಾದರಿಯ ಕಾರು ಹೆಚ್ಚು ಕಳುವಾಗುತ್ತದೆ ಅಂತ ಪಟ್ಟಿ ಪ್ರಕಟಿಸಿತು. ಕಾರು ಕೊಳ್ಳುವವರೆಲ್ಲ ಅದನ್ನು ನೋಡಬಹುದಾಯಿತು. ಸರಿಯಾದ ಕೀ ಇಲ್ಲದೆ ಎಂಜಿನ್ ಚಾಲೂ ಆಗದಂತೆ ತಡೆಯುವ ಇಮೊಬಿಲೈಸರ್ 1998ರಿಂದ ಯುರೋಪಿನ ಹೊಸ ಕಾರುಗಳಲ್ಲಿ ಕಡ್ಡಾಯವಾಯಿತು. ಅದೇ ಅಮೆರಿಕದಲ್ಲಿ ಇಮೊಬಿಲೈಸರ್ ಇಲ್ಲದೆ ಮಾರಾಟವಾದ ಹ್ಯುಂಡೈ ಮತ್ತು ಕಿಯಾ ಕಾರುಗಳನ್ನು ಸುಲಭವಾಗಿ ಕದಿಯುವ ವಿಡಿಯೋಗಳು 2021ರ ನಂತರ ಹರಿದಾಡಿ, ಕಳ್ಳತನ ವಿಪರೀತವಾಯಿತು. ಕದ್ದ ಕಾರುಗಳ ಅಪಘಾತದಲ್ಲಿ ಜೀವಗಳೂ ಹೋದವು. ವಿನ್ಯಾಸದ ಮೇಜಿನ ಮೇಲೆ ಉಳಿಸಿದ ಖರ್ಚನ್ನು ಬೀದಿಯಲ್ಲಿದ್ದವರು ತೆತ್ತರು.

8. ದೊಡ್ಡದೇನಾದರೂ ಆದರೆ

ಬ್ರಿಟನ್ನಿನಲ್ಲಿ ಮ್ಯಾಂಚೆಸ್ಟರ್ ಘಟನೆಯಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ವರ್ಷಗಟ್ಟಲೆ ಹೋರಾಡಿದ್ದರಿಂದ 2025ರ ಏಪ್ರಿಲ್‌ನಲ್ಲಿ ಒಂದು ಕಾಯ್ದೆ ಬಂತು. 200 ಅಥವಾ ಹೆಚ್ಚು ಜನ ಸೇರಬಹುದಾದ ಜಾಗಗಳು ಸಿದ್ಧತೆ ಮಾಡಿಕೊಂಡಿರಬೇಕು. 800 ಅಥವಾ ಹೆಚ್ಚಾದರೆ ನಿಯಮ ಇನ್ನೂ ಬಿಗಿ. ತಯಾರಿಗೆ ಕಡೇಪಕ್ಷ ಎರಡು ವರ್ಷದ ಅವಕಾಶ ಕೊಟ್ಟಿದ್ದಾರೆ. ಅದು ಕೇಳುವ ನಾಲ್ಕು ಪ್ರಶ್ನೆ ಎಲ್ಲ ಕಡೆಗೂ ಸಲ್ಲುತ್ತವೆ. ಜನರನ್ನು ಹೊರಗೆ ಕಳಿಸುವುದು ಹೇಗೆ? ಅಪಾಯ ಹೊರಗಿದ್ದರೆ ಒಳಗೆ ಸುರಕ್ಷಿತ ಜಾಗಕ್ಕೆ ಕರೆದೊಯ್ಯುವುದು ಹೇಗೆ? ಬಾಗಿಲು ಮುಚ್ಚಿ ದಾಳಿಕೋರನನ್ನು ತಡೆಯುವುದು ಹೇಗೆ? ಒಳಗಿರುವ ಎಲ್ಲರಿಗೂ ವಿಷಯ ತಿಳಿಸುವುದು ಹೇಗೆ?

ನಾಲ್ಕಕ್ಕೂ ಒಂದು ಪುಟದಲ್ಲಿ ಉತ್ತರ ಬರೆಯಿರಿ. ವರ್ಷಕ್ಕೆ ಎರಡು ಸಲವಾದರೂ ನಡೆದು ಅಭ್ಯಾಸ ಮಾಡಿ. ಕಳ್ಳರ ಹೆದರಿಕೆಯಿಂದ ತುರ್ತು ಬಾಗಿಲಿಗೆ ಬೀಗ ಹಾಕುವ ಕೆಟ್ಟ ರೂಢಿ ಎಷ್ಟೋ ಕಡೆ ಇದೆ. ಬೆಂಕಿ ಬಿದ್ದಾಗ ಆ ಬೀಗವೇ ಜೀವ ತೆಗೆಯುತ್ತದೆ. ಒಳಗಿನಿಂದ ತಳ್ಳಿದರೆ ತೆರೆಯುವ, ಹೊರಗಿನಿಂದ ತೆರೆಯದ ಬಾಗಿಲು ಹಾಕಿಸಿ. ರಕ್ತಸ್ರಾವ ತಡೆಯುವ ಬ್ಯಾಂಡೇಜು, ಪಟ್ಟಿಗಳ ಪೆಟ್ಟಿಗೆ ಕೈಗೆ ಸಿಗುವಂತಿರಲಿ, ಬಳಸಲು ಇಬ್ಬರಿಗಾದರೂ ಬರಲಿ.

9. ಘಟನೆ ಆದ ಮೇಲೆ

ಮೊದಲ ಗಂಟೆಯಲ್ಲಿ ಕ್ಯಾಮೆರಾ ದೃಶ್ಯವನ್ನು ಬೇರೆ ಕಡೆ ಉಳಿಸಿ. ಹಳೆಯದರ ಮೇಲೆ ಹೊಸದು ತಾನಾಗಿಯೇ ಬರೆಯುವ ಯಂತ್ರಗಳೇ ಜಾಸ್ತಿ. ನೋಡಿದವರು ಒಬ್ಬರೊಂದಿಗೊಬ್ಬರು ಮಾತಾಡುವ ಮೊದಲು ತಮಗೆ ನೆನಪಿದ್ದಷ್ಟನ್ನು ಬೇರೆಬೇರೆಯಾಗಿ ಬರೆಯಲಿ. ಮಾತಾಡಿದ ಮೇಲೆ ನೆನಪುಗಳು ಒಂದಕ್ಕೊಂದು ಬೆರೆತುಹೋಗುತ್ತವೆ. ಘಟನೆ ನಡೆದ ಜಾಗವನ್ನು ಗುಡಿಸಬೇಡಿ, ಪೊಲೀಸರು ಬರಲಿ.

ಆಮೇಲೆ ನಿಮ್ಮವರನ್ನು ನೋಡಿಕೊಳ್ಳಿ. ಚಾಕುವಿನ ಬೆದರಿಕೆಗೆ ಒಳಗಾದವರನ್ನು ಮಾರನೆಯ ದಿನವೇ ಅದೇ ಕೌಂಟರಿನಲ್ಲಿ ಒಬ್ಬರೇ ಕೂರಿಸಬೇಡಿ. ಸಂಬಳ ಸಹಿತ ರಜೆ ಕೊಡಿ, ಬೇಕಿದ್ದರೆ ಆಪ್ತಸಮಾಲೋಚಕರ ಬಳಿ ಕಳಿಸಿ. ಠಾಣೆಗೆ, ಕೋರ್ಟಿಗೆ ಹೋಗುವ ದಿನ ಜೊತೆಗೆ ನೀವೇ ಹೋಗಿ. ಒಂದು ವಾರದ ನಂತರ ಎಲ್ಲರನ್ನೂ ಕೂರಿಸಿಕೊಂಡು ಮೊದಲು ಕಂಡಿದ್ದು ಯಾರಿಗೆ, ಅವರು ಯಾರಿಗೆ ಹೇಳಿದರು, ಆ ಮಾತು ಎಲ್ಲಿ ತಡವಾಯಿತು ಅಂತ ಕೇಳಿ. ಸಿಕ್ಕ ಉತ್ತರವನ್ನು ಅದೇ ಪುಸ್ತಕದಲ್ಲಿ ಬರೆದು, ಅದನ್ನು ಸರಿಪಡಿಸುವ ಕೆಲಸವನ್ನು ಒಬ್ಬರ ಹೆಸರಿಗೆ, ಒಂದು ತಾರೀಖಿಗೆ ವಹಿಸಿ.